ಅರ್ಧ ರೇಟು

ಯಾದಗಿರಿ ದವಾಖಾನ್ಯಾಗ, ಕಣ್ಣಿನ ಖೋಲಿಗೆ
ರಾತ್ರಿ ಎರಡಕ್ಕ ಬರೋರು ಒಂದೇ ಕಸುಬಿನವರು.
ಕಣ್ಣಾಗ ಉಸುಕು ಸುರುವಿದಂಗ ಆಗ್ಯದ್ರಿ ಸಿಸ್ಟರ್, ಅಂತಾರ.
ನಾನು ಸಿಸ್ಟರಲ್ಲ, ಚಷ್ಮಾದ ನಂಬರ್ ತೆಗಿಯಾಕಿ.
ಆದ್ರೂ ಬ್ಯಾಟರಿ ಹಿಡಿದು ನೋಡ್ತೀನಿ:
ಇವತ್ತ ಎಷ್ಟು ಬೆಸದಿ, ಅಯ್ಯಣ್ಣಾ?
ಎರಡು ಗೇಟು, ಒಂದು ಜೀನಾ, ಅಂತಾನ
ರೆಪ್ಪಿ ಎತ್ತಲಾರದೆ, ಗ್ವಾಡಿ ಹಿಡಕೊಂಡು.
ಮನ್ಯಾಗ ಆಲೂಗಡ್ಡಿ ಹೋಳು ಇಟ್ಟು ನೋಡ್ಯಾನಂತ.

ಅವನ ಕಡೆನೇ ನಾ ವೆಲ್ಡಿಂಗ್ ಕಲತೆ, ನಲವತ್ತೇಳಕ್ಕ.
ಯಾಕಂತ ಕೇಳಬ್ಯಾಡ್ರಿ, ಕೆಲವರು ಕಸೂತಿ ಹಾಕ್ತಾರ.
ಐತವಾರ ಒಂದು ತಾಸು, ಹಿತ್ತಲದ ಫರಸಿ ಮ್ಯಾಲ.
ಇಲ್ಲೀತನಕ ಹುಟ್ಟಿದ್ದು ಮೂರು ಕಾಲಿನ ಒಂದು ಸ್ಟೂಲು,
ನಾಕು ಇರಬೇಕಿತ್ತು.
ಕೊಡಕ್ಕೊಂದು ಸ್ಟ್ಯಾಂಡು,
ಕೊಡ ಇಟ್ಟ ಕೂಡ್ಲೆ ನಮಸ್ಕಾರ ಮಾಡ್ತದ.

ಎಡಗೈಯಾಗ ಕರೀ ಗಾಜಿನ ಪರದೆ, ಬಲಗೈಯಾಗ ಕಡ್ಡಿ.
ಪರದೆ ಹಿಡದ್ರ ಕತ್ತಲಿ, ಕಬ್ಬಿಣ ಎಲ್ಲದ ತಿಳಿಯಂಗಿಲ್ಲ,
ಸರಿಸಿದ್ರ ಆ ಒಂದು ಝಳಪು.
ರಾತ್ರಿ ಎರಡಕ್ಕ ನನ್ನ ಕಣ್ಣಾಗ
ಬ್ಯಾಟರಿ ಹಿಡಿಯೋರು ಯಾರು?

ಹಂಗಾಗಿ ವಾಡಿ ದಾಟಿ, ಶಹಾಬಾದ್ ದಾಟಿ ಕಲಬುರ್ಗಿಗೆ.
ನೆಹರೂ ಗಂಜಿನಾಗ ಖದೀರ್ ಸೇಠ್
ಮೇಜಿನ ಮ್ಯಾಲ ಮೂರು ತಲಿ ಇಟ್ಟ, ಕುತ್ತಿಗಿ ಇಲ್ಲದ್ದು.
ಒಂಬೈನೂರು. ಹದಿನಾರುನೂರು.
ಒಂಬತ್ತು ಸಾವಿರದ್ದರ ಹಣಿಮ್ಯಾಲ ಬೆಂಕಿ ಉಗುಳೋ ಹದ್ದು.
ಯಾರಿಗ್ರಿ ಮೇಡಂ, ಮಗಗ?
ನನಗ.
ಸೇಠ್ ಚಷ್ಮಾ ತೆಗೆದು ಒರೆಸಿಕೊಂಡ.
ಪ್ಲಸ್ ಎರಡೂವರೆ ಇರಬೇಕು.

ಸೆನ್ಸರ್ ಎರಡಾ, ನಾಕಾ?
ಮೂಲ್ಯಾಗ ಬೆಸೆಯಾಗ ನನ್ನ ಕೈಯೇ ಅಡ್ಡ ಬಂದ್ರ?
ಸೆಲ್ ಬದಲಿ ಮಾಡಾಕ ಬರ್ತದಾ?
ಒಂಬೈನೂರರದ್ದರಾಗ ಸೆಲ್ ಒಳಗೇ ಮುಚ್ಚ್ಯಾರ, ಅದು ಸತ್ರ ಇದೂ ಹೆಣ.
ಷೇಡ್ ಒಂಬತ್ತರಿಂದ ಹದಿಮೂರು, ನನ್ನ ಸಣ್ಣ ಕಡ್ಡಿಗೆ ಹತ್ತು ಸಾಕು.
ಮ್ಯಾಲಿನ ಬಿಳೀ ಹಾಳಿ ಬಿಡಿ ಸಿಗ್ತದಾ?
ತಲಿಪಟ್ಟಿ ತುರುಬಿನ ಮ್ಯಾಲ ಕೂಡ್ತದಾ?
ಕಡೀದಕ್ಕ ಸೇಠನ ಕಡೆ ಉತ್ತರ ಇರಲಿಲ್ಲ.

ಹೊರಗ ಬಿಸಿಲಿಗೆ ಹಿಡಿದು ನೋಡ್ರಿ, ಅಂದ.
ಮೇ ತಿಂಗಳು, ಹನ್ನೆರಡೂವರೆ.
ತೊಗರಿ ಚೀಲ, ಹಮಾಲರು, ಗೋಡೆ, ನಾಯಿ
ಎಲ್ಲಾ ಬೆಳ್ಳಗ ಕಾದು ನಿಂತಿದ್ವು.
ಒಂಬೈನೂರರದ್ದು ತುಸು ವಿಚಾರ ಮಾಡ್ತು.
ಹದಿನಾರುನೂರರದ್ದು ಮಾಡಲಿಲ್ಲ.
ಕಣ್ಣು ಮುಚ್ಚಿ ತೆರೆಯೂದ್ರಾಗ ಅಂತೀವಲ್ಲ,
ಇಪ್ಪತ್ತೆರಡು ವರ್ಷ ಕಣ್ಣೇ ನೋಡಿದಾಕಿ ಹೇಳ್ತೀನಿ:
ಇದರ ಮುಂದ ರೆಪ್ಪಿ ಶುದ್ಧ ಸೋಂಬೇರಿ.

ಐತವಾರ ಅಯ್ಯಣ್ಣ ಬಂದ. ತಿರುವಿ ತಿರುವಿ ನೋಡಿದ.
ಎಷ್ಟು ಬಿತ್ತ್ರಿ?
ಎಂಟುನೂರು, ಅಂತು ನನ್ನ ಬಾಯಿ.
ಮನ್ಯಾಗ ಸೀರಿ ರೇಟು ಹೇಳಿ ಪಳಗಿದ ನಾಲಿಗಿ,
ಕೇಳದೆ ಅರ್ಧ ಕಡೀತದ.

ಹಾಕ್ಕೊಂಡು ಒಂದು ಗೀಟು ಎಳೆದ.
ಮೂವತ್ತು ವರ್ಷ ಪರದೆ ಹಿಡಿದ ಎಡಗೈ
ಏನು ಮಾಡಬೇಕು ತಿಳೀದೆ
ಗಾಳ್ಯಾಗ ಹಂಗೇ ನಿಂತಿತ್ತು, ಯಾರಿಗೋ ಕಾದಂಗ.
ಆಮ್ಯಾಲ ಮೆಲ್ಲಕ ಬಂದು ಬಲಗೈ ಮುಂಗೈಗೆ ಆನಿಸ್ತು.
ಶುರು ಆಗೋ ಜಾಗ ಕಾಣ್ತದ್ರಿ, ಅಂದ
ಹೆಲ್ಮೆಟಿನ ಒಳಗಿಂದ.
ಮತ್ತೇನೂ ಅನ್ನಲಿಲ್ಲ.

ಮರುದಿನ ದವಾಖಾನಿಗೆ ಬಂದ, ಹಗಲಹೊತ್ತಿನ್ಯಾಗ,
ಕಣ್ಣು ಛಲೋ ಇದ್ದಾಗ ಬಂದಿದ್ದು ಅದೇ ಮೊದಲು.
ಬೆವರಿಗೆ ಒಂದಕ್ಕೊಂದು ಅಂಟಿದ ನೋಟು ಬಿಡಿಸಿ
ಎಂಟುನೂರು ಎಣಿಸಿಟ್ಟ.
ನನಗೂ ಅಂಥಾದೇ ಒಂದ್ರಿ, ಅದೇ ಅಂಗಡ್ಯಾಗಿಂದು.

ಈಗ ರೈಲಿನ್ಯಾಗ ಕುಂತೀನಿ.
ಪರ್ಸಿನ ಒಂದು ಖಾನ್ಯಾಗ ಅವನ ಎಂಟುನೂರು,
ಇನ್ನೊಂದರಾಗ ನಂದು.
ಖರೆ ಹೇಳಬಹುದಿತ್ತು.
ಹೇಳಿದ್ರ ಅವ ನೋಟು ಮಡಚಿ ಕಿಸೇಕ ಹಾಕಿ
ಪರದೆನೇ ಛಲೋ ಬಿಡ್ರಿ ಅಂತಿದ್ದ.

ವಾಡಿ ಹೋತು. ಫೋನ್ ಬಾರಿಸ್ಲತ್ತದ, ಅಯ್ಯಣ್ಣಂದು.
ಅವನ ತಮ್ಮನೂ ಇದೇ ಕೆಲಸದಾಗ ಇದ್ದಾನ, ಅಳಿಯನೂ.
ಶಹಾಬಾದಿನ ಕಲ್ಲಿನ ರಾಶಿ ಕಿಟಕ್ಯಾಗ ಹಾದು ಹೋಗ್ಲತ್ತಾವ.
ಇನ್ನಾ ಎತ್ತಿಲ್ಲ.